ಇಂಜಿನ್ ಕಟ್ಟಿಸಿದ ಮೇಲೆ ಕೂಲಂಟ್‌ನಲ್ಲಿ ಆಯಿಲ್: ಹೆಡ್ ಬಿಚ್ಚುವ ಮೊದಲು

ಪ್ರಶ್ನೆ: ಪೆರ್ಲದಿಂದ ಪುತ್ತೂರಿಗೆ ಅಡಿಕೆ ಸಾಗಿಸುವ ನನ್ನ ಡೀಸೆಲ್ ಪಿಕಪ್ಪಿನ ಇಂಜಿನ್ ಬೇಸಗೆಯಲ್ಲಿ ವಿಪರೀತ ಬಿಸಿಯಾಗಿ ನಿಂತುಹೋಗಿತ್ತು. ಹೆಡ್ಡಿಗೆ (ಸಿಲಿಂಡರುಗಳ ಮೇಲೆ ಕೂರುವ ಮುಚ್ಚಳಕ್ಕೆ) ಫೇಸಿಂಗ್, ಅಂದರೆ ತಳವನ್ನು ಸಮತಟ್ಟು ಮಾಡುವ ಕೆಲಸ, ಮಾಡಿಸಿ, ಹೊಸ ಪಿಸ್ಟನ್, ಬೇರಿಂಗ್, ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಹಾಕಿಸಿ ಪೂರ್ತಿ ಕಟ್ಟಿಸಿದೆ. ತಿಂಗಳೊಳಗೆ ಕೂಲಂಟ್ (ಇಂಜಿನ್ ತಣಿಸುವ ನೀರು) ಟ್ಯಾಂಕಿನಲ್ಲಿ ಕಂದು ಬಣ್ಣದ, ಬೆಣ್ಣೆಯಂಥ ಜಿಡ್ಡು ಕಾಣಿಸಿಕೊಂಡಿದೆ. ಡಿಪ್‌ಸ್ಟಿಕ್‌ನಲ್ಲಿ ನೋಡಿದರೆ ಆಯಿಲ್ ಚೆನ್ನಾಗಿಯೇ ಇದೆ, ಇಂಜಿನ್ ಬಿಸಿಯೂ ಏರುತ್ತಿಲ್ಲ. ಗ್ಯಾರೇಜಿನವರು ಹೆಡ್ ಮತ್ತೆ ಬಿಚ್ಚಬೇಕು ಎನ್ನುತ್ತಾರೆ. ಬಿಚ್ಚಿಸಲೇ? ಅಲ್ಲಿಯವರೆಗೆ ಬಾಡಿಗೆಗೆ ಓಡಿಸಬಹುದೇ?
ಓದುಗರೊಬ್ಬರು, ಪೆರ್ಲ, ಕಾಸರಗೋಡು ಜಿಲ್ಲೆ

ಉತ್ತರ: ಈಗಲೇ ಹೆಡ್ ಬಿಚ್ಚಿಸಬೇಡಿ, ಬಾಡಿಗೆಗೂ ಓಡಿಸಬೇಡಿ. ಈ ಎರಡಕ್ಕೂ ಕಾರಣ ನೀವು ಕೊಟ್ಟ ವಿವರದಲ್ಲಿಯೇ ಇದೆ.

ಇಂಜಿನ್ ಓಡುತ್ತಿರುವಾಗ ಆಯಿಲ್ ಪಂಪು ಸಾಮಾನ್ಯವಾಗಿ 3ರಿಂದ 5 ಬಾರ್ ಒತ್ತಡದಲ್ಲಿ ಆಯಿಲನ್ನು ತಳ್ಳುತ್ತಿರುತ್ತದೆ, ಆದರೆ ಕೂಲಂಟ್‌ನ ಒತ್ತಡ ರೇಡಿಯೇಟರ್ ಮುಚ್ಚಳದ ಮಿತಿಯನ್ನು, ಅಂದರೆ ಸುಮಾರು 1 ಬಾರನ್ನು, ಮೀರುವುದಿಲ್ಲ. ಆದ್ದರಿಂದ ಒತ್ತಡದ ಆಯಿಲ್ ಮತ್ತು ನೀರಿನ ನಡುವಿನ ಗೋಡೆಯಲ್ಲಿ ಎಲ್ಲಿ ಸಣ್ಣ ಬಿರುಕು ಬಿದ್ದರೂ, ಇಂಜಿನ್ ಓಡುವಷ್ಟು ಹೊತ್ತು ಆಯಿಲ್ ನೀರಿನ ಕಡೆಗೆ ಹೋಗುತ್ತದೆಯೇ ಹೊರತು ನೀರು ಆಯಿಲಿನ ಕಡೆಗೆ ಬರುವುದಿಲ್ಲ. ಡಿಪ್‌ಸ್ಟಿಕ್ ಶುದ್ಧವಾಗಿದ್ದು ಟ್ಯಾಂಕ್ ಮಾತ್ರ ಕೆಟ್ಟಿದೆ ಎಂದರೆ ಸೋರಿಕೆ ಒತ್ತಡದ ಆಯಿಲ್ ಹರಿಯುವ ದಾರಿಯಲ್ಲಿದೆ ಎಂದರ್ಥ. ವೆಟ್ ಲೈನರಿನ (ಹೊರಮೈ ನೀರಿಗೆ ತಾಗಿರುವ ಸಿಲಿಂಡರ್ ಕೊಳವೆಯ) ಕೆಳಗಿನ ರಬ್ಬರ್ ರಿಂಗ್ ಹೋಗಿದ್ದರೆ ನೀರು ಇಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪಿಗೆ ಇಳಿಯುತ್ತಿತ್ತು, ಆಯಿಲ್ ಹೀಗೆ ಮೇಲೆ ಬರುತ್ತಿರಲಿಲ್ಲ.

ಆದರೆ ಸೋರಿಕೆ ಈಗ ನಡೆಯುತ್ತಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಬೇಸಗೆಯಲ್ಲಿ ಇಂಜಿನ್ ಕೆಟ್ಟಾಗಲೇ ಆಯಿಲ್ ನೀರಿಗೆ ಬೆರೆತಿದ್ದರೆ, ಅದು ರೇಡಿಯೇಟರ್, ಹೀಟರ್ ಮತ್ತು ಹೋಸ್‌ಗಳ ಒಳಗೆ ಅಂಟಿಕೊಂಡಿದ್ದು, ಹೊಸ ಕೂಲಂಟ್ ಬಿಸಿಯಾಗಿ ಸುತ್ತತೊಡಗಿದ ಮೇಲೆ ಕಳಚಿ ಬಂದಿರಬಹುದು. ಇಂಜಿನ್ ಕಟ್ಟುವವರು ಬ್ಲಾಕನ್ನು ತೊಳೆಯುತ್ತಾರೆ, ರೇಡಿಯೇಟರನ್ನು ಅಷ್ಟು ಶ್ರದ್ಧೆಯಿಂದ ತೊಳೆಯುವವರು ಕಡಿಮೆ. ಹಾಗಾಗಿ ಥರ್ಮೋಸ್ಟಾಟ್ (ಬಿಸಿಯಾದ ಮೇಲೆ ನೀರಿಗೆ ದಾರಿ ಬಿಡುವ ಕವಾಟ) ತೆಗೆದು, ನೊರೆ ಬಾರದ ಕ್ಲೀನರ್ ಬೆರೆಸಿದ ನೀರು ತುಂಬಿಸಿ, ಇಂಜಿನ್ ಬಿಸಿ ಮಾಡಿ ಖಾಲಿ ಮಾಡುವುದನ್ನು ನೀರು ತಿಳಿಯಾಗಿ ಬರುವವರೆಗೆ ಮುಂದುವರಿಸಿ. ಪಾತ್ರೆ ತೊಳೆಯುವ ಸಾಮಾನ್ಯ ದ್ರವ ಬೇಡ, ಅದರ ನೊರೆಯಿಂದ ನೀರು ಸರಿಯಾಗಿ ಸುತ್ತುವುದಿಲ್ಲ. ಹೋಸ್‌ಗಳನ್ನು ಹಿಸುಕಿ ನೋಡಿ: ಮೆತ್ತಗಾಗಿ ಉಬ್ಬಿದ್ದರೆ ರಬ್ಬರು ಆಯಿಲ್ ಕುಡಿದಿದೆ, ಅವನ್ನು ಬದಲಾಯಿಸಲೇಬೇಕು. ತೊಳೆದು ಹಾಕಿದ ಹೊಸ ನೀರಿನಲ್ಲಿಯೂ ಸ್ವಲ್ಪ ಓಡಿದ ಕೂಡಲೇ ಜಿಡ್ಡು ತೇಲಿದರೆ ಸೋರಿಕೆ ನಿಜ. ಆ ಜಿಡ್ಡು ತೆಳ್ಳಗಿದ್ದು ಡೀಸೆಲ್ ವಾಸನೆ ಬಂದರೆ ಮಾತ್ರ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ನೀರಿನಿಂದ ಬೇರ್ಪಡಿಸುವ ಇಂಜೆಕ್ಟರ್ ಸ್ಲೀವ್‌ಗಳ ಕಡೆ ಸಂಶಯಪಡಬೇಕು.

ಇನ್ನು ನಾನು ಮೊದಲು ಕೈ ಹಾಕುವ ಜಾಗ ಆಯಿಲ್ ಕೂಲರ್. ನಿಮ್ಮ ಇಂಜಿನ್‌ನಲ್ಲಿ ಆಯಿಲನ್ನು ನೀರಿನಿಂದ ತಣಿಸುವ ಕೂಲರ್ ಇದ್ದರೆ, ಅದು ಹೆಚ್ಚಾಗಿ ಆಯಿಲ್ ಫಿಲ್ಟರ್ ಕೂರುವ ಭಾಗದಲ್ಲಿ ಅಥವಾ ಬ್ಲಾಕಿನ ಪಕ್ಕದಲ್ಲಿ ಇರುತ್ತದೆ. ಒಳಗೆ ತೆಳುವಾದ ಲೋಹದ ಹಾಳೆಗಳ ಒಂದು ಬದಿಯಲ್ಲಿ ಆಯಿಲ್, ಇನ್ನೊಂದು ಬದಿಯಲ್ಲಿ ನೀರು ಹರಿಯುತ್ತದೆ. ಓವರ್‌ಹಾಲ್ ಸಮಯದಲ್ಲಿ ಇದನ್ನು ಡೀಸೆಲ್‌ನಲ್ಲಿ ತೊಳೆದು, ಹಳೆಯ ಸೀಲುಗಳ ಸಮೇತ ಹಾಗೆಯೇ ಜೋಡಿಸಿಬಿಡುವುದು ಬಹಳ ಕಡೆ ನಡೆಯುತ್ತದೆ. ಸಾವಿರಾರು ರೂಪಾಯಿಯ ಹೊಸ ಭಾಗಗಳ ನಡುವೆ ಹೆಚ್ಚಾಗಿ ಪರೀಕ್ಷೆಯೇ ಆಗದೆ ಉಳಿದುಬಿಡುವುದು ಇದೇ. ಪರೀಕ್ಷೆ ಕಷ್ಟವಲ್ಲ. ಕೂಲರನ್ನು ಬಿಚ್ಚಿ, ಆಯಿಲ್ ಬದಿಯ ಒಂದು ಕಿಂಡಿಯನ್ನು ಭದ್ರವಾಗಿ ಮುಚ್ಚಿ, ಇನ್ನೊಂದಕ್ಕೆ ರೆಗ್ಯುಲೇಟರ್ ಮೂಲಕ ಕಂಪನಿಯ ಕೈಪಿಡಿ ಹೇಳಿದಷ್ಟೇ ಒತ್ತಡದಲ್ಲಿ ಗಾಳಿ ಕೊಟ್ಟು, ಬಿಸಿನೀರಿನ ಬಕೆಟ್ಟಿನಲ್ಲಿ ಮುಳುಗಿಸಿ. ತಣ್ಣೀರು ಸಾಲದು, ಲೋಹ ಬಿಸಿಯಾಗಿ ಹಿಗ್ಗಿದಾಗ ಮಾತ್ರ ತೆರೆದುಕೊಳ್ಳುವ ಬಿರುಕುಗಳಿರುತ್ತವೆ. ಅವಸರ ಮಾಡದೆ ಹತ್ತು ನಿಮಿಷ ಕಾದು, ನೀರಿನ ಕಿಂಡಿಯಿಂದ ಒಂದರ ಹಿಂದೆ ಒಂದರಂತೆ ಸಣ್ಣ ಗುಳ್ಳೆಗಳು ಏಳುತ್ತವೆಯೇ ಎಂದು ನೋಡಿ. ಎದ್ದರೆ ರಿಪೇರಿಗೆ ಕೊಡದೆ ಹೊಸದನ್ನೇ ಹಾಕಿಸಿ. ಗುಳ್ಳೆ ಕಾಣದಿದ್ದರೂ ಸೀಲುಗಳನ್ನು ಬದಲಿಸಿಯೇ ಕೂರಿಸಿ, ಆಮೇಲೆ ಹೊಸ ನೀರಿನಲ್ಲಿ ಮತ್ತೊಮ್ಮೆ ಓಡಿಸಿ ನೋಡಿ.

ಇಷ್ಟಾದ ಮೇಲೂ ಜಿಡ್ಡು ಬಂದರೆ ಗ್ಯಾರೇಜಿನವರ ಮಾತು ಸರಿ, ಹೆಡ್ ಬಿಚ್ಚಲೇಬೇಕು. ಕೂಲಂಟ್‌ನಲ್ಲಿ ಹೊಗೆಯ ಅಂಶ ಹುಡುಕುವ ನೀಲಿ ದ್ರವದ ಪರೀಕ್ಷೆಯಲ್ಲಿ ಬಣ್ಣ ಬದಲಾಗದಿದ್ದರೆ ಗ್ಯಾಸ್ಕೆಟ್ ಸರಿಯಿದೆ ಎಂದು ಕೆಲವರು ತೀರ್ಮಾನಿಸುತ್ತಾರೆ. ಅದು ತಪ್ಪು. ಹೆಡ್ಡಿಗೆ ಆಯಿಲ್ ಏರುವ ದಾರಿ ಮತ್ತು ಪಕ್ಕದ ನೀರಿನ ದಾರಿಯ ನಡುವೆ ಗ್ಯಾಸ್ಕೆಟ್ ಬಿಟ್ಟುಕೊಂಡಿದ್ದರೆ ಸಿಲಿಂಡರಿಗೂ ಅದಕ್ಕೂ ಸಂಬಂಧವಿಲ್ಲ, ಬಣ್ಣ ಬದಲಾಗುವುದೂ ಇಲ್ಲ. ಬಿಚ್ಚಿದಾಗ ಹೆಡ್ಡನ್ನು ಬಿಸಿನೀರಿನಲ್ಲಿ ಪ್ರೆಶರ್ ಟೆಸ್ಟ್ ಮಾಡಿಸಿ, ಹೆಡ್ ಮತ್ತು ಬ್ಲಾಕ್ ಎರಡರ ಮೇಲೂ ಸ್ಟ್ರೇಟ್ ಎಡ್ಜ್ (ನೇರ ಅಂಚಿನ ಪಟ್ಟಿ) ಇಟ್ಟು ಸಮತಟ್ಟು ಅಳೆಯಿಸಿ. ಫೇಸಿಂಗ್ ಹೆಡ್ಡಿಗೆ ಮಾತ್ರ ಆಗಿದ್ದು, ಬ್ಲಾಕನ್ನು ಯಾರೂ ಅಳೆದಿಲ್ಲ ಎಂಬುದು ಇಂಥ ಪ್ರಕರಣಗಳಲ್ಲಿ ಆಗಾಗ ಹೊರಬೀಳುವ ಸಂಗತಿ. ಬೋಲ್ಟ್ ಕೂರುವ ಕುಳಿಗಳನ್ನೂ ನೋಡಬೇಕು: ತಳ ಮುಚ್ಚಿದ ಕುಳಿಯಲ್ಲಿ ಆಯಿಲೋ ನೀರೋ ಉಳಿದಿದ್ದರೆ ಟಾರ್ಕ್ ವ್ರೆಂಚ್ ಪೂರ್ತಿ ಬಿಗಿ ತೋರಿಸುತ್ತದೆ, ಆದರೆ ಹೆಡ್ ಬಿಗಿಯಾಗಿರುವುದಿಲ್ಲ, ಒಳಗಿನ ದ್ರವದ ಒತ್ತಡಕ್ಕೆ ಬ್ಲಾಕೇ ಬಿರಿಯುವುದೂ ಉಂಟು. ಕೋನ ಅಳೆದು ಬಿಗಿಮಾಡುವ ಬೋಲ್ಟುಗಳಾದರೆ, ಕೈಪಿಡಿ ಮರುಬಳಕೆಗೆ ಒಪ್ಪದಿದ್ದಲ್ಲಿ, ಹೊಸವೇ ಆಗಬೇಕು.

ಓಡಿಸಬೇಡಿ ಎಂದದ್ದೇಕೆಂದರೆ, ಇಂಜಿನ್ ನಿಲ್ಲಿಸಿದ ಕ್ಷಣದಲ್ಲಿ ಆಯಿಲ್ ಒತ್ತಡ ಸೊನ್ನೆಗೆ ಇಳಿಯುತ್ತದೆ, ಬಿಸಿ ಕೂಲಂಟ್‌ನ ಒತ್ತಡ ಮಾತ್ರ ಬಹಳ ಹೊತ್ತು ಉಳಿಯುತ್ತದೆ. ಆಗ ಅದೇ ಬಿರುಕಿನಲ್ಲಿ ಕೂಲಂಟ್ ಆಯಿಲಿನ ಕಡೆಗೆ ಇಳಿದರೆ ನಿಮ್ಮ ಹೊಸ ಬೇರಿಂಗುಗಳು ಉಳಿಯಲಾರವು. ರಾತ್ರಿಯಿಡೀ ನಿಂತ ಗಾಡಿಯ ಸಂಪ್ ಬೋಲ್ಟನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಸ್ವಲ್ಪವೇ ಸಡಿಲಿಸಿ ನೋಡಿ. ನೀರು ಆಯಿಲಿಗಿಂತ ಭಾರವಾದ್ದರಿಂದ, ಸೇರಿದ್ದರೆ ಮೊದಲು ಅದೇ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದರೆ ಇಂಜಿನ್ ಸ್ಟಾರ್ಟ್ ಮಾಡದೆ ಎಳೆಸಿಕೊಂಡು ಹೋಗಿ.

ಕೆಲಸ ಮುಗಿದ ಮೇಲೆ ಬಾವಿಯ ಅಥವಾ ಸುರಂಗದ (ಗುಡ್ಡದೊಳಗೆ ಅಡ್ಡಲಾಗಿ ಕೊರೆದ ನೀರಿನ ದಾರಿಯ) ನೀರು ತುಂಬಿಸಬೇಡಿ. ನಮ್ಮ ಮುರಕಲ್ಲಿನ ನೆಲದ ನೀರು ಕುಡಿಯಲು ಎಷ್ಟು ತಿಳಿಯಾಗಿದ್ದರೂ ಸಾಮಾನ್ಯವಾಗಿ ತುಸು ಆಮ್ಲೀಯವಾಗಿದ್ದು, ಕೂಲರಿನ ತೆಳು ಹಾಳೆಗಳನ್ನು ಒಳಗಿಂದೊಳಗೇ ತಿನ್ನುತ್ತದೆ. ಡಿಸ್ಟಿಲ್ಡ್ ನೀರಿಗೆ ಕಂಪನಿ ಹೇಳಿದ ಕೂಲಂಟನ್ನು ಹೇಳಿದ ಪ್ರಮಾಣದಲ್ಲಿ ಬೆರೆಸಿ ಹಾಕಿಸಿ, ಮೊದಲ ಕೆಲವು ದಿನ ಇಂಜಿನ್ ತಣ್ಣಗಿರುವಾಗ ಟ್ಯಾಂಕಿನ ಮುಚ್ಚಳ ತೆಗೆದು ಬೆರಳಿನಿಂದ ಒಳಬದಿಯನ್ನು ಒರೆಸಿ ನೋಡುತ್ತಿರಿ.