ಗುಳೆ ಹೋದವರು ಊರು ಬಿಟ್ಟವರಲ್ಲ

"ತೊಗರಿ ಕಣಜ ಅಂತೀರಿ, ಮತ್ತೆ ಅರ್ಧ ಓಣಿ ಪುಣೆಯಲ್ಲಿ ಯಾಕಿದೆ?" ಅಂತ ಕೇಳಿದೆಯಲ್ಲ ದೋಸ್ತ, ಲೆಕ್ಕ ಹೇಳ್ತೀನಿ ಕೇಳು.

ನಮ್ಮ ಕಲಬುರಗಿ ಜಿಲ್ಲೆಯ ಆಳಂದ ಕಡೆ ಜೂನ್‌-ಜುಲೈಗೆ ಬಿತ್ತಿದ ತೊಗರಿಯ ರೊಕ್ಕ ಕೈಗೆ ಬರೋದು ಜನವರಿಗೆ, ವರ್ಷಕ್ಕೊಂದೇ ಸಲ. ಮಳೆ ನಂಬಿದ ಹೊಲದಲ್ಲಿ ಎಕರೆಗೆ 4 ಕ್ವಿಂಟಲ್ ಬಂದರೆ ಒಳ್ಳೆ ಪೀಕು. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಅದು ಪೂರ್ತಿ ಸಿಕ್ಕರೂ 3 ಎಕರೆಗೆ 96,000. ಬೀಜ, ಗೊಬ್ಬರ, ಕೀಡಿಗೆ ಹೊಡೆಯೋ ಎಣ್ಣಿ, ರಾಶಿ ಮಷಿನ್ ಬಾಡಿಗೆ, ಸಾಲದ ಬಡ್ಡಿ ಎಲ್ಲ ಅದರಲ್ಲೇ ಹೋಗಬೇಕು. ಕರಿ ಹೊಲದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತೆ. ನೆಟೆರೋಗ ಬಿದ್ದರೆ ಕಾಯಿ ಹಿಡಿದ ಗಿಡ ನಿಂತಲ್ಲೇ ಒಣಗುತ್ತೆ. ರಾಶಿ ಮುಗಿದ ಮೇಲೆ ಮುಂಗಾರಿನ ತನಕ ಕೆಲಸ ಎಲ್ಲಿದೆ? ಕಟ್ಟಡದ ಸೆಂಟ್ರಿಂಗ್, ಗಿಲಾವ್ (ಪ್ಲಾಸ್ಟರ್) ಕೆಲಸಕ್ಕೆ ಪುಣೆ, ಮುಂಬೈ, ಹೈದರಾಬಾದ್. ಕಬ್ಬು ಕಡಿಯಲು ಹೋದರೆ ಗಂಡ ಹೆಂಡತಿ ಸೇರಿ ಒಂದು ಕೊಯ್ತಾ, ಅಂದರೆ ಒಂದು ಕುಡುಗೋಲಿನ ಲೆಕ್ಕ. ಕೂಲಿಯವರನ್ನು ಒಯ್ಯುವ ಮುಕಾದಮನಿಂದ ಉಚಲ್ (ಮುಂಗಡ ರೊಕ್ಕ) ಎತ್ತಿದವರು ಅದು ತೀರುವ ತನಕ ತಿರುಗಿ ಬರೋ ಹಾಗಿಲ್ಲ. ಮೊದಲು ಹೊಲ ಮನೆ ನಡೆಸುತ್ತಿತ್ತು, ಕೂಲಿ ರೊಕ್ಕ ಮದುವೆಗೆ ಆಗುತ್ತಿತ್ತು. ಈಗ ಪುಣೆಯ ಪಗಾರದಲ್ಲಿ ಬಿತ್ತೋ ಬೀಜ ಕೊಳ್ಳುತ್ತೇವೆ.

ಇದೆಲ್ಲ ಹೆಂಗೋ ನಿಭಾಯಿಸುತ್ತೇವೆ. ನಿಭಾಯಿಸಲಾಗದ್ದು ಹೆಸರಿನ ಗೋಳು. ಪಹಣಿಯಲ್ಲಿ "ಶರಣಪ್ಪ ತಂದೆ ಮಲ್ಲಪ್ಪ" ಅಂತಿರುತ್ತೆ, ಅಡ್ಡಹೆಸರೇ ಇಲ್ಲ. ಮಹಾರಾಷ್ಟ್ರದಲ್ಲಿ ಅಡ್ಡಹೆಸರು ಬೇಕೇ ಬೇಕು. ಕೂಸು ಅಲ್ಲಿ ಹುಟ್ಟಿದರೆ ಜನನ ಪತ್ರದಲ್ಲಿ ಒಬ್ಬರು ಮಲ್ಲಪ್ಪನನ್ನೇ ಅಡ್ಡಹೆಸರು ಮಾಡುತ್ತಾರೆ, ಇನ್ನೊಬ್ಬರು ಊರ ಹೆಸರು ಹಚ್ಚುತ್ತಾರೆ. ಶಾಲೆ ದಾಖಲೆ ಮರಾಠಿಯಲ್ಲಿ, ಆಧಾರ್‌ನಲ್ಲಿ ಪುಣೆ ವಿಳಾಸ. ಹದಿನೆಂಟು ವರ್ಷದ ಮೇಲೆ ಅದೇ ಹುಡುಗಿ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡಿಸುವ 371(ಜೆ) ಪ್ರಮಾಣಪತ್ರಕ್ಕೆ ನಿಂತರೆ, ಈ ಶರಣಪ್ಪ ನಿನ್ನ ತಂದೆ ಅನ್ನೋದಕ್ಕೆ ಪುರಾವೆ ಏನು ಅಂತ ಕೇಳುತ್ತಾರೆ. ತಂದೆ ಅಥವಾ ತಾಯಿ ಈ ಭಾಗದವರಾಗಿದ್ದರೆ ಕೂಸು ಎಲ್ಲಿ ಹುಟ್ಟಿದರೂ ಹಕ್ಕಿದೆ. ಆದರೆ ಆ ಸಂಬಂಧ ಕಾಗದದಲ್ಲಿ ಕಾಣಬೇಕು. ಈ ಭಾಗದ ಕಾಲೇಜುಗಳ 70% ಸೀಟು ಅದೊಂದು ಕಾಗದದ ಮೇಲೆ ನಿಂತಿವೆ.

ಅದಕ್ಕೇ ಗುಳೆ ಹೊರಟವರಿಗೆಲ್ಲ ಹೇಳೋದು ಒಂದೇ: ಹೆರಿಗೆಗೆ ಹೋಗುವಾಗ ಗಂಡ-ಹೆಂಡತಿ ಇಬ್ಬರ ಆಧಾರ್ ಒಯ್ಯಿರಿ, ಅದರಲ್ಲಿದ್ದ ಇಂಗ್ಲಿಷ್ ಅಕ್ಷರ ಒಂದೂ ಬಿಡದೆ ಹಾಗೇ ಬರೆಸಿರಿ, ಪತ್ರ ಕೈಗೆ ಬಂದ ದಿನವೇ ಓದಿಸಿ ನೋಡಿರಿ. ತಪ್ಪಿದ್ದರೆ ಮೊದಲು ಜನನ ಪತ್ರ, ಆಮೇಲೆ ಆಧಾರ್, ಆಮೇಲೆ ಶಾಲೆ ದಾಖಲೆ ತಿದ್ದಿಸಬೇಕು. ಅದೂ ಹತ್ತನೇ ಪರೀಕ್ಷೆಯ ಅರ್ಜಿ ತುಂಬುವ ಮೊದಲೇ. ಅಂಕಪಟ್ಟಿ ಅಚ್ಚಾದ ಮೇಲೆ "ಎರಡೂ ಹೆಸರಿನವರು ಒಬ್ಬರೇ" ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ, ಅದನ್ನು ಹಿಡಿದು ಕಚೇರಿ ಕಚೇರಿ ತಿರುಗಬೇಕು. ತಿರುಗಿದ ಒಂದೊಂದು ದಿನಕ್ಕೂ ಪುಣೆಯಲ್ಲಿ ಒಂದು ಪಗಾರ ಮುರಿಯುತ್ತೆ.