ಶಿಲ್ಪ ಮೊದಲೋ, ಪರಿಕಲ್ಪನೆ ಮೊದಲೋ?

ಪ್ರಶ್ನೆ: ನಾನು ಶಿಲ್ಪಕಲೆಯಲ್ಲಿ ಎಂ.ವಿ.ಎ. (ದೃಶ್ಯಕಲೆಯ ಸ್ನಾತಕೋತ್ತರ ಪದವಿ) ಎರಡನೆಯ ವರ್ಷದ ವಿದ್ಯಾರ್ಥಿನಿ. ಪದವಿಯ ದಿನಗಳಲ್ಲಿ ಎದುರಿಗೆ ಮಾಡೆಲ್ ಕೂತಿರುತ್ತಿದ್ದರು, ನೋಡಿ ಮಾಡುತ್ತಿದ್ದೆ. ಈಗ ವಸ್ತುವನ್ನು ನಾನೇ ಹುಡುಕಿಕೊಳ್ಳಬೇಕು. ಏನು ಮಾಡಿದರೂ ಮೊಬೈಲಿನಲ್ಲಿ ಎಲ್ಲೋ ನೋಡಿದ್ದರ ನಕಲಿನಂತೆ ಕಾಣುತ್ತದೆ, ‘ಕಾನ್ಸೆಪ್ಟ್ ಏನು?’ ಎಂದು ಅಧ್ಯಾಪಕರು ಕೇಳಿದರೆ ಉತ್ತರ ಹೊಳೆಯುವುದಿಲ್ಲ. ದೊಡ್ಡ ಶಿಲ್ಪಿಗಳಿಗೆ ಪ್ರೇರಣೆ ಎಲ್ಲಿಂದ ಬರುತ್ತಿತ್ತು? ಇನ್ನೊಂದು ಸಂದೇಹ: ಪ್ಲಾಸ್ಟರ್ ಅಚ್ಚು ಒಡೆಯುವಾಗ ಮೂರ್ತಿಯ ಮೂಗು, ಬೆರಳುಗಳೂ ಹಾರಿಹೋಗುತ್ತವೆ. ತಪ್ಪಿಸುವುದು ಹೇಗೆ?
– ಓದುಗರೊಬ್ಬರು, ಮೈಸೂರು

ಉತ್ತರ: ಮೊದಲು ಪರಿಕಲ್ಪನೆ, ಆಮೇಲೆ ಕೆಲಸ ಎಂಬ ಕ್ರಮವನ್ನು ಸ್ವಲ್ಪ ಕಾಲ ಬದಿಗಿಡಿ. ಸ್ನಾತಕೋತ್ತರ ತರಗತಿಗಳಲ್ಲಿ ಕೃತಿಗಿಂತ ಅದರ ವಿವರಣೆಗೆ ಹೆಚ್ಚು ಮನ್ನಣೆ ಸಿಗುತ್ತಿದೆ ಎಂಬುದು ನನ್ನ ಹಳೆಯ ತಕರಾರು. ನೀವು ಕೇಳಿದ ದೊಡ್ಡವರಲ್ಲಿ ಹಲವರು ದಾರಿ ಕಂಡುಕೊಂಡದ್ದು ಕೈಗೆ ಸಿಕ್ಕ ಸಾಮಗ್ರಿಯ ಜೊತೆ ದೀರ್ಘಕಾಲ ಒಡನಾಡಿ.

ಮೃಣಾಲಿನಿ ಮುಖರ್ಜಿಯವರನ್ನು ನೋಡಿ. ಬರೋಡದಲ್ಲಿ ಕಲಾವಿದ ಕೆ.ಜಿ. ಸುಬ್ರಮಣ್ಯನ್ ಅವರ ಶಿಷ್ಯೆಯಾಗಿದ್ದ ಅವರು 1970ರ ದಶಕದಲ್ಲಿ ಕೈಗೆತ್ತಿಕೊಂಡದ್ದು ಕಲ್ಲನ್ನಲ್ಲ, ಕಂಚನ್ನಲ್ಲ, ನಾರಿನ ಹಗ್ಗವನ್ನು. ಮಗ್ಗವಿಲ್ಲದೆ, ಮೊದಲೇ ನಕ್ಷೆ ಬರೆದುಕೊಳ್ಳದೆ, ಬಣ್ಣ ಹಾಕಿದ ಹಗ್ಗಕ್ಕೆ ಗಂಟಿನ ಮೇಲೆ ಗಂಟು ಹಾಕುತ್ತಾ ಹೋದರು; ಹಗ್ಗ ಭಾರಕ್ಕೆ ಜೋತು ಬೀಳುವ ರೀತಿ, ಮಡಿಕೆಯಾಗುವ ರೀತಿಯೇ ಮುಂದಿನ ಗಂಟು ಎಲ್ಲಿ ಬೀಳಬೇಕೆಂದು ಸೂಚಿಸುತ್ತಿತ್ತು. ಹೀಗೆ ಬೆಳೆದ ಆಳೆತ್ತರದ ಆಕೃತಿಗಳು ಹೂವಿನಂತೆಯೂ ದೇವತೆಯಂತೆಯೂ ಕಾಣುತ್ತವೆ.

ಮೀರಾ ಮುಖರ್ಜಿಯವರ ದಾರಿ ಬೇರೆ. ಜರ್ಮನಿಯ ಮ್ಯೂನಿಕ್‌ನಲ್ಲಿ ಓದಿ ಬಂದ ಮೇಲೆ ಅವರು ಮಧ್ಯಭಾರತದ ಬಸ್ತರಿಗೆ ಹೋಗಿ ಅಲ್ಲಿನ ಎರಕದವರ ಬಳಿ ಕಲಿತರು. ಅಲ್ಲಿ ಮೇಣವನ್ನು ಸಣ್ಣ ಎಳೆಯಾಗಿ ತೆಗೆದು ಮಣ್ಣಿನ ತಿರುಳಿನ ಮೇಲೆ ಒತ್ತೊತ್ತಾಗಿ ಸುತ್ತುತ್ತಾರೆ. ಮೇಲೆ ಮಣ್ಣು ಮೆತ್ತಿ ಸುಟ್ಟಾಗ ಮೇಣ ಕರಗಿ ಹೋಗುತ್ತದೆ, ಆ ಜಾಗಕ್ಕೆ ಲೋಹ ಹರಿಯುತ್ತದೆ, ಎಳೆಯ ಗೆರೆ ಮಾತ್ರ ಲೋಹದ ಮೈಮೇಲೆ ಉಳಿಯುತ್ತದೆ. ಅವರ ಕಂಚಿನ ಮೂರ್ತಿಗಳ ಮೈಗೆ ಆ ಜೀವಂತಿಕೆ ಬಂದದ್ದರಲ್ಲಿ ಈ ಕಲಿಕೆಯ ಪಾಲು ದೊಡ್ಡದು.

ಹಣದ ಚಿಂತೆಯೂ ನಿಮಗಿದ್ದರೆ ರಾಮಕಿಂಕರ್ ಬೈಜ್ ಅವರು 1938ರಲ್ಲಿ ಶಾಂತಿನಿಕೇತನದ ಬಯಲಿನಲ್ಲಿ ನಿಲ್ಲಿಸಿದ ‘ಸಂತಾಲ ಕುಟುಂಬ’ದ ಚಿತ್ರಗಳನ್ನಾದರೂ ನೋಡಿ. ಗಂಟುಮೂಟೆ ಹೊತ್ತು, ಮಕ್ಕಳೊಂದಿಗೆ, ನಾಯಿಯನ್ನೂ ಕರೆದುಕೊಂಡು ಊರು ಬಿಟ್ಟು ನಡೆದಿರುವ ಆ ಸಂತಾಲ ಬುಡಕಟ್ಟಿನ ಸಂಸಾರ ಸಿಮೆಂಟು ಮತ್ತು ಜಂಬಿಟ್ಟಿಗೆಯ ಹರಳು ಬೆರೆಸಿದ ಗಾರೆಯದು. ದಿನವೂ ಕಣ್ಣೆದುರು ನಡೆದುಹೋಗುತ್ತಿದ್ದ ಜನರನ್ನು ಆ ಕೆಂಪು ನೆಲದ ಹರಳಿನಲ್ಲೇ ಕಟ್ಟಿದ್ದರಿಂದಲೇ ಅದರ ಒರಟು ಮೈಗೆ ಅಷ್ಟು ಬಲವಿದೆ.

ನೀವು ಮೈಸೂರಿನವರು, ಸೋಮನಾಥಪುರ ಕೈಯಳತೆಯಲ್ಲಿದೆ. ಅಲ್ಲಿಯ 1258ರ ಕೇಶವ ದೇವಾಲಯದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವ ಜಾತಿಯದು. ಮಲ್ಲಿತಮ್ಮನಂಥ ಶಿಲ್ಪಿಗಳು ಹಾರದ ಒಂದೊಂದು ಮಣಿಯನ್ನೂ ಬಿಡಿಸಿ ತೋರಿಸಿ, ಕೆಳಗೆ ತಮ್ಮ ಹೆಸರನ್ನೂ ಕೊರೆಯಲು ಸಾಧ್ಯವಾದದ್ದು ಅದರಿಂದ. ಬಳಿಕ ಶ್ರವಣಬೆಳಗೊಳಕ್ಕೆ ಹೋಗಿ ಗೊಮ್ಮಟನ ಎದೆ, ತೊಡೆಗಳ ನುಣುಪಾದ ಹರವನ್ನು ಗಮನಿಸಿ: ಗ್ರಾನೈಟ್ ಅಂಥ ಕುಸುರಿಗೆ ಸುಲಭವಾಗಿ ಬಗ್ಗುವುದಿಲ್ಲ. ಎರಡೂ ಕಡೆ ಫೋಟೊ ತೆಗೆಯಬೇಡಿ, ಪೆನ್ಸಿಲ್ಲಿನಲ್ಲಿ ಬರೆಯಿರಿ. ಈ ಸೆಮಿಸ್ಟರ್ ಪೂರ್ತಿ ಒಂದೇ ಸಾಮಗ್ರಿ ಹಿಡಿಯಿರಿ. ನಕಲಿನ ಭಯ ತಾನಾಗಿ ಕಡಿಮೆಯಾಗುತ್ತದೆ, ಅಧ್ಯಾಪಕರಿಗೆ ಹೇಳಲು ಮಾತೂ ಸಿಗುತ್ತದೆ.

ಇನ್ನು ಅಚ್ಚಿನ ವಿಷಯ. ಮಣ್ಣಿನ ಮೂರ್ತಿಯ ಮೇಲೆ ಹಾಕುವ ಮೊದಲ ತೆಳುವಾದ ಪ್ಲಾಸ್ಟರ್ ಪದರಕ್ಕೆ ಬಟ್ಟೆಗೆ ಹಾಕುವ ನೀಲಿಯನ್ನು ಬೆರೆಸಿ. ಅದರ ಮೇಲಿನ ದಪ್ಪ ಪದರ ಬಿಳಿಯಾಗಿಯೇ ಇರಲಿ. ಮಣ್ಣು ತೆಗೆದು, ಒಳಮೈ ತೊಳೆದು, ಸಾಬೂನು ನೀರನ್ನು ಚೆನ್ನಾಗಿ ಬಳಿದ ಮೇಲೆಯೇ ಅಚ್ಚಿನೊಳಗೆ ಮೂರ್ತಿಯ ಎರಕ ಹುಯ್ಯಬೇಕು, ಇಲ್ಲವಾದರೆ ಅಚ್ಚೂ ಎರಕವೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಒಡೆಯುವಾಗ ಮೊಂಡು ಉಳಿ ಹಿಡಿದು ಮೇಲಿನಿಂದ ಶುರು ಮಾಡಿ. ನೀಲಿ ಕಂಡ ಕೂಡಲೇ ಪೆಟ್ಟು ಹಗುರಾಗಲಿ, ಏಕೆಂದರೆ ಅದರ ಹಿಂದೆಯೇ ಮೂರ್ತಿಯ ಮೈ ಇದೆ. ಮೂಗು, ಬೆರಳುಗಳ ಸುತ್ತಲಿನ ಭಾಗವನ್ನು ಕೊನೆಗೆ ಇಟ್ಟುಕೊಳ್ಳಿ.