ಗೋದಾಮಿಗೆ ಕರೆದರೆ ಕೈಕಾಲು ನಡುಗುತ್ತದೆ

ಪ್ರಶ್ನೆ: ನನಗೆ 24 ವರ್ಷ. ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಕೆಲಸ. ನಾವಿರುವುದು ಏಳೇ ಜನ. ಸ್ಟಾಕ್ ಇಳಿಸುವ ನೆಪದಲ್ಲಿ ಮಾಲೀಕರು ಮೇಲಿನ ಗೋದಾಮಿಗೆ ಕರೆದು ಮೈಮುಟ್ಟುತ್ತಾರೆ. ರಾತ್ರಿ ಹತ್ತಾದ ಮೇಲೆ 'ಒಬ್ಬಳೇ ಇದ್ದೀಯಾ' ಎಂದು ವಾಟ್ಸಾಪ್ ಮಾಡುತ್ತಾರೆ. ಐದು ತಿಂಗಳಿಂದ ಸುಮ್ಮನಿದ್ದೇನೆ. ಈಗ ವೇಲಿಗೆ ನಾಲ್ಕು ಪಿನ್ ಹಾಕಿಕೊಂಡು ಹೋಗುತ್ತೇನೆ. ಜೊತೆಯ ಹಿರಿಯ ಅಕ್ಕ ನೋಡಿಯೂ ನೋಡದಂತೆ ಇರುತ್ತಾರೆ. ಅಮ್ಮ, 'ಮದುವೆಯಾಗಬೇಕಾದ ಹುಡುಗಿ, ಸದ್ದಿಲ್ಲದೆ ಕೆಲಸ ಬಿಡು' ಎನ್ನುತ್ತಾರೆ. ತಮ್ಮನ ಫೀಸು ನನ್ನ ಸಂಬಳದಿಂದಲೇ ಆಗಬೇಕು. ಏನು ಮಾಡಲಿ?

ಉತ್ತರ: ಆ ನಾಲ್ಕು ಪಿನ್ನಿನ ಮಾತು ಓದಿ ಸಂಕಟವಾಯಿತು. ತಪ್ಪು ಮಾಡಿದವರು ಗಲ್ಲಾದಲ್ಲಿ ಹಾಯಾಗಿ ಕೂತಿದ್ದಾರೆ, ಬಟ್ಟೆ ಸರಿಮಾಡಿಕೊಳ್ಳುತ್ತಿರುವವರು ನೀವು. ಸುಮ್ಮನಿದ್ದಿರಿ ಎಂದಮಾತ್ರಕ್ಕೆ ಒಪ್ಪಿದಿರಿ ಎಂದಲ್ಲ. ತಮ್ಮನ ಫೀಸು ಕಣ್ಣೆದುರಿಗಿದ್ದರೆ ಯಾರಿಗಾದರೂ ಬಾಯಿ ಕಟ್ಟುತ್ತದೆ.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ನಿಮ್ಮಲ್ಲಿ ಅಷ್ಟು ಜನರಿಲ್ಲ, ಮೇಲಾಗಿ ಮಾಲೀಕರೇ ಆರೋಪಿ. ಇಂಥ ಹೆಣ್ಣುಮಕ್ಕಳಿಗಾಗಿಯೇ ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕು ಎಂದಿದೆ. ಬಹಳ ಜನರಿಗೆ ಇದು ಗೊತ್ತೇ ಇಲ್ಲ. ಜಿಲ್ಲಾಧಿಕಾರಿ ಕಚೇರಿಯಲ್ಲೋ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲೋ ವಿಚಾರಿಸಿ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿಯೂ ಕೇಳಬಹುದು. ಪೊಲೀಸರಿಗೆ ದೂರು ಕೊಡುವ ದಾರಿಯೂ ತೆರೆದೇ ಇದೆ.

ತಡವಾಯಿತೆಂದು ಕೊರಗಬೇಡಿ. ಸಮಿತಿಗೆ ದೂರು ಕೊಡಲು ಇರುವ 3 ತಿಂಗಳನ್ನು ಎಣಿಸುವುದು ಕೊನೆಯ ಘಟನೆಯಿಂದ, ಮೊದಲನೆಯದರಿಂದಲ್ಲ. ಇವತ್ತೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಕೂರಿ: ಯಾವ ದಿನ, ಎಷ್ಟು ಹೊತ್ತಿಗೆ, ಅವರು ಏನಂದರು, ಆಗ ಕೆಳಗೆ ಕೌಂಟರಿನಲ್ಲಿ ಯಾರಿದ್ದರು. ತಾರೀಖು ನೆನಪಿಲ್ಲದಿದ್ದರೆ ಊಹಿಸಬೇಡಿ, 'ಹಬ್ಬದ ಸೇಲ್ ಶುರುವಾದ ವಾರ' ಎಂದೇ ಬರೆಯಿರಿ. ಅಸಹ್ಯವಾದರೂ ಆ ಮೆಸೇಜುಗಳನ್ನು ಅಳಿಸಬೇಡಿ; ಸ್ಕ್ರೀನ್‌ಶಾಟ್ ತೆಗೆದು ನಂಬಿಕೆಯ ಗೆಳತಿಗೆ ಕಳಿಸಿಡಿ.

ಅಮ್ಮನ ಮೇಲೆ ಸಿಟ್ಟಾಗಬೇಡಿ, ಅವರಿಗೆ ಊರಿನ ಬಾಯಿಯ ಭಯ. ದೂರು ಕೊಟ್ಟವಳ ಹೆಸರು, ವಿಳಾಸ ಬಯಲು ಮಾಡುವುದನ್ನು ಕಾಯ್ದೆಯೇ ನಿಷೇಧಿಸಿದೆ ಎಂದು ಹೇಳಿ. ವಿಚಾರಣೆಯ ಹೊತ್ತಿನಲ್ಲಿ 3 ತಿಂಗಳವರೆಗೆ ರಜೆ ಕೊಡಿಸಿ ಎಂದು ಸಮಿತಿಯನ್ನು ಕೇಳಬಹುದು. ಸಾಕ್ಷಿ ಸಾಲದೆ ಹೋಯಿತು ಎಂದಷ್ಟಕ್ಕೇ ನಿಮ್ಮ ದೂರನ್ನು ಸುಳ್ಳು ಎನ್ನುವಂತಿಲ್ಲ. ನೀವು ಕೆಲಸ ಬಿಟ್ಟರೂ ದೂರು ಕೊಡುವ ಹಕ್ಕು ಉಳಿಯುತ್ತದೆ.

ಇನ್ನು ಆ ಅಕ್ಕ. ಅವರನ್ನು ದೂಷಿಸುವ ಮುಂಚೆ ಒಂದು ಸಂಜೆ ಬಸ್ ಸ್ಟಾಪಿನವರೆಗೆ ಜೊತೆಗೆ ನಡೆಯಿರಿ. ನೀವು ಸೇರುವ ಮುಂಚೆ ಗೋದಾಮಿಗೆ ಯಾರನ್ನು ಕರೆಯುತ್ತಿದ್ದರು ಎಂದು ಮೆಲ್ಲಗೆ ಕೇಳಿ.